ಸದ್ದಿಗಿಂತ ಮುಂಚೆ ಬಂದ ಬನ್ನು

“ಇನ್ನು ಎರಡೇ ದಿನ. ಆಮೇಲೆ ನೋಡು, ಈ ಮನೇಲಿ ಸಂಗೀತ ಕೇಳಿದ ಕಿವಿ ಬೇರೆ ಕಡೆ ಹೋಗೋದೇ ಇಲ್ಲ” ಎಂದು ಕುರೋಸೆ ಇಸಾಮು ಮಂಗಳವಾರ ಬೆಳಗ್ಗೆ ಮಿಸೊ ಸಾರಿನ ಬಟ್ಟಲು ಕೆಳಗಿಟ್ಟು ಘೋಷಿಸಿದರು. ದಂಡೆತ್ತಿ ಹೊರಟ ಸೇನಾಪತಿಯ ದನಿ! ಎದುರಿಗೆ ಕೂತಿದ್ದ ಹೆಂಡತಿ ಹಿದೆಕೊ ಉಪ್ಪಿನಲ್ಲಿ ನೆನೆದ ಮೂಲಂಗಿಯನ್ನು ಕಟುಂ ಎಂದು ಕಡಿದರು.

ವಿಷಯ ಏನಪ್ಪಾ ಅಂದರೆ, ಇಸಾಮು ಅವರ ಬಳಿ ಮೂವತ್ತೈದು ವರ್ಷದ ಹಳೆಯ ಹೈ-ಫೈ ಒಂದಿದೆ. ಮೊದಲ ಬೋನಸ್ಸಿನಲ್ಲಿ ಕೊಂಡದ್ದು. ಆಂಪ್ಲಿಫೈಯರ್ ಎತ್ತಿದರೆ ಸೊಂಟ ಹಿಡಿಯುತ್ತದೆ, ಸ್ಪೀಕರುಗಳು ಎರಡೂ ಸೊಂಟದೆತ್ತರ. ಈಚೆಗೆ ಅವುಗಳಿಂದ ಹೊರಗೆ ಬರುತ್ತಿದ್ದುದು ಧೂಳು ಮಾತ್ರ. ಜಪಾನಿನ ಹಿಮೇಜಿಯ ಆ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹಿದೆಕೊ ನಗರಪಾಲಿಕೆಗೆ ಫೋನ್ ಮಾಡಿ, ದೊಡ್ಡ ಕಸಕ್ಕೆ ಅಂಟಿಸುವ ಚೀಟಿಗಳನ್ನು ಅಂಗಡಿಯಿಂದ ತಂದು, ಹೆಸರು ಬರೆದು, ಸ್ಪೀಕರುಗಳ ಹಣೆಗೆ ಅಂಟಿಸಿಯೂ ಆಗಿತ್ತು. ಶುಕ್ರವಾರ ಬೆಳಗ್ಗೆ ಎಂಟಕ್ಕೆ ಲಾರಿ!

ಇಸಾಮು ಗೋಗರೆದರು. ಕಂಪ್ಯೂಟರನ್ನು ಇದಕ್ಕೆ ಜೋಡಿಸಿದರೆ ಜಗತ್ತಿನ ಹಾಡೆಲ್ಲ ಇದರಲ್ಲೇ ಬರುತ್ತದೆ, ಒಂದೇ ಒಂದು ವೈರು ಸಾಕು ಎಂದರು. ಗುರುವಾರ ಸಂಜೆಯೊಳಗೆ ಸದ್ದು ಬಂದರೆ ಇರಲಿ, ಬಾರದಿದ್ದರೆ ಲಾರಿಗೆ ಎಂದು ಹಿದೆಕೊ ತೀರ್ಪು ಕೊಟ್ಟರು. ಜೊತೆಗೊಂದು ಷರತ್ತು. “ಮೊದ್ಲು ಮೇಲೆ ಕೆಳಗೆ ಹೇಳ್ಬನ್ನಿ. ಬರಿಗೈಲಿ ಹೋಗ್ಬೇಡಿ ಮತ್ತೆ.”

ಸದ್ದಿಗೆ ಮುಂಚೆ ಕ್ಷಮೆ ಹೋಗಬೇಕು, ಕ್ಷಮೆಯ ಜೊತೆ ತಿಂಡಿ ಹೋಗಬೇಕು. ಕಟ್ಟಡದ ಈ ಕಾನೂನನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದೂ ಇಲ್ಲ. ಮೇಲಿನ ಮನೆಯ ತೊಕುನಾಗಾ-ಸಾನ್ ನಿವಾಸಿಗಳ ಸಂಘದ ಅಧ್ಯಕ್ಷೆ, ಆದ್ದರಿಂದ ಆಕೆಗೆ ಹೊಸ ಬಿಸ್ಕತ್ತಿನ ಡಬ್ಬಿ. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಎಬಿಸಾವಾ-ಸಾನ್ ವಯಸ್ಸಾದವರು, ಕಿವಿ ಮಂದ. ಅವರಿಗೆ ಹಿದೆಕೊ ಕಪಾಟಿನ ಆಳದಿಂದ ಹೂರಣದ ಬನ್ನಿನ ಡಬ್ಬಿಯೊಂದನ್ನು ತೆಗೆದರು. ಸುತ್ತಿದ್ದ ಕಾಗದದ ಒಂದು ಮೂಲೆ ಹರಿದಿತ್ತು. ಅದಕ್ಕೆ ಹೂವಿನ ಚಿತ್ರದ ಟೇಪು ಹಚ್ಚಿದರು. ಡಬ್ಬಿ ಎಲ್ಲಿಂದ ಬಂತೆಂದು ಇಸಾಮು ಕೇಳಲಿಲ್ಲ. ಎರಡು ಬಾಗಿಲಲ್ಲೂ ಬಗ್ಗಿ ವಂದಿಸಿ, ಸ್ವಲ್ಪ ಸದ್ದಾಗಬಹುದು, ಸಹಿಸಿಕೊಳ್ಳಿ ಎಂದು ಬಿನ್ನವಿಸಿ ಬಂದರು.

ಸದ್ದೇ ಆಗಲಿಲ್ಲ!

ಮೊದಲ ವೈರು ಕಂಪ್ಯೂಟರಿಗೆ ಕೂತಿತು, ಆಂಪ್ಲಿಫೈಯರಿಗೆ ಕೂರಲಿಲ್ಲ. ಎರಡನೆಯದು ಆಂಪ್ಲಿಫೈಯರಿಗೆ ಕೂತಿತು, ಕಂಪ್ಯೂಟರಿಗೆ ಕೂರಲಿಲ್ಲ. ವೈರಿಗೆಂದು ಮೂರನೇ ಸಲ ಹೋದಾಗ ಅಂಗಡಿಯ ಹುಡುಗಿ ಇವರು ಬಾಗಿಲು ದಾಟುವ ಮುಂಚೆಯೇ ಬಗ್ಗಿದಳು. ಮೂರನೆಯದು ಎರಡಕ್ಕೂ ಕೂತಿತು. ಕಂಪ್ಯೂಟರಿನ ವಾಲ್ಯೂಮ್ ತುತ್ತತುದಿಗೆ ಏರಿಸಿದರು. ಆಂಪ್ಲಿಫೈಯರಿನದನ್ನೂ ಕೊನೆಯವರೆಗೆ ತಿರುಗಿಸಿದರು. ಸ್ಪೀಕರಿಗೆ ಕಿವಿಯಿಟ್ಟರೆ ಧ್ಯಾನಮಂದಿರದ ಮೌನ.

ಅದಕ್ಕಿಂತ ದೊಡ್ಡ ಪೀಕಲಾಟ ಮೆಟ್ಟಿಲಲ್ಲಿ. ತಿಂಡಿ ಈಸಿಕೊಂಡವರು ಸಹಿಸಲು ಸಿದ್ಧರಾಗಿ ಕೂತುಬಿಟ್ಟಿದ್ದರು! ತೊಕುನಾಗಾ-ಸಾನ್ ತಮ್ಮ ಮನೆಯಲ್ಲಿ ನಡೆಸುತ್ತಿದ್ದ ಹೂ ಜೋಡಿಸುವ ಪಾಠವನ್ನೇ ಎರಡು ದಿನ ಬೇರೆಯವರ ಮನೆಗೆ ಸಾಗಿಸಿದ್ದರು. “ಇನ್ನೂ ಶುರುವಾಗ್ಲಿಲ್ವಾ?” ಎಂದು ಮೆತ್ತಗೆ ಕೇಳಿದರು. ಸದ್ದು ಮಾಡಿದ್ದಕ್ಕೆ ಕ್ಷಮೆ ಕೇಳುವುದು ಇಸಾಮುಗೆ ಗೊತ್ತಿತ್ತು. ಮಾಡದೇ ಇದ್ದದ್ದಕ್ಕೆ ಹೇಗೆ ಕೇಳುವುದು?

ಗುರುವಾರ ಬೆಳಗಿನ ಹೊತ್ತಿಗೆ ಮೊಣಕಾಲು, ಸೊಂಟ, ಆಸೆ ಎಲ್ಲ ಕುಸಿದಿದ್ದವು. “ಲಾರಿಗೇ ಹೋಗ್ಲಿ ಬಿಡು” ಎಂದು ಬಾಲ್ಕನಿಗೆ ಹೋಗಿ, ಬಿಸಿಲಿಗೆ ಹಾಕಿದ ಹಾಸಿಗೆಯ ಪಕ್ಕ ತಾವೂ ಒಂದು ಹಾಸಿಗೆಯಂತೆ ಕುಸಿದು ಕೂತರು.

ಹಿದೆಕೊ ಒದ್ದೆ ಬಟ್ಟೆ ತಂದರು. ಧೂಳು ಹಿಡಿದ ಕಸ ಕೊಟ್ಟರೆ ಲಾರಿಯವರು ಮನೆಯವರ ಬಗ್ಗೆ ಏನು ತಿಳಿದಾರು? ಒರೆಸುವಾಗ ಬಟ್ಟೆ ಸದ್ದು ಯಾವುದರಿಂದ ಬರಬೇಕೆಂದು ಆರಿಸುವ ಆಂಪ್ಲಿಫೈಯರಿನ ಗುಂಡಿಗೆ ಸಿಕ್ಕಿ, ಅದು ಕಟ್ ಎಂದು ಒಂದು ಗೆರೆ ಆಚೆ ತಿರುಗಿತು. ಇಪ್ಪತ್ತು ವರ್ಷದಿಂದ ಆ ಗುಂಡಿ ಕ್ಯಾಸೆಟ್ ಕಡೆಗೇ ಮುಖ ಮಾಡಿತ್ತು. ಅದು ಎರಡು ದಿನದಲ್ಲಿ ಇಸಾಮು ಕಣ್ಣಿಗೂ ಬಿದ್ದಿರಲಿಲ್ಲ, ಈಗ ಹಿದೆಕೊ ಕಣ್ಣಿಗೂ ಬೀಳಲಿಲ್ಲ. ಹತ್ತು ಗಂಟೆ. ಮತ್ಸುಯಾಮಾದ ತಂಗಿ ಪ್ರತಿ ಗುರುವಾರ ಕಂಪ್ಯೂಟರಿನಲ್ಲಿ ವೀಡಿಯೊ ಕರೆ ಮಾಡುವ ಹೊತ್ತು. ಹಿದೆಕೊ ಕಂಪ್ಯೂಟರಿನ ಮುಂದೆ ಕೂತರು.

“ಅಕ್ಕಾ, ಆ ಮೇಲ್ಮನೆ ತೊಕುನಾಗಾ ಕೊಟ್ಟ ಕಲ್ಲಿನಂಥ ಬನ್ನು ಕೊನೆಗೂ ಕೆಳಗಿನ ಮುದುಕನ ತಲೆಗೆ ಕಟ್ಟಿದ್ಯಾ?”

ಬಾಲ್ಕನಿಯಲ್ಲಿ ಇಸಾಮುಗೆ ರೋಮಾಂಚನ! ಸ್ಪೀಕರಿಗೆ ದನಿ ಬಂದಿದೆ! ಏನು ಸ್ಪಷ್ಟತೆ! ಮಾತು ಮಾತಿನ ನಡುವಿನ ಉಸಿರು ಕೇಳುತ್ತದೆ, ನಾದಿನಿ ಟೀ ಬಟ್ಟಲು ಕೆಳಗಿಟ್ಟ ಸದ್ದು ಎದೆಗೇ ತಾಕುತ್ತದೆ! ಕಣ್ಣು ತುಂಬಿ ಬಂತು. ಮಾತಿನ ಅರ್ಥ ಆಮೇಲೆ ನಿಧಾನವಾಗಿ ಬಂತು.

ಒಳಗೆ ಹಿದೆಕೊ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತುತ್ತಿದ್ದರು.

“ಯಾಕಕ್ಕಾ, ಕೇಳಿಸ್ತಿಲ್ವಾ? ಜೋರಾಗಿ ಹೇಳ್ಲಾ?”

ಹೇಳಿಯೇಬಿಟ್ಟಳು. ಮೇಲಿನ ಬಾಲ್ಕನಿಯಲ್ಲಿ ಹಾಸಿಗೆ ಬಡಿಯುತ್ತಿದ್ದ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು. ಈ ಸಲ ಹಾಸಿಗೆಯನ್ನು ಬಡಿಯುವಂತಿರಲಿಲ್ಲ, ಯಾರನ್ನೋ ಬಡಿಯುವಂತಿತ್ತು.

ಸಂಜೆ ಗಂಡ ಹೆಂಡಿರು ಇನ್ನೆರಡು ಡಬ್ಬಿ ಹಿಡಿದು ಹೊರಟರು. ತೊಕುನಾಗಾ-ಸಾನ್ ಮುಗುಳ್ನಕ್ಕು ನಾದಿನಿಯ ಆರೋಗ್ಯ ವಿಚಾರಿಸಿದರು. ಆ ನಗುವಿಗೆ ಇಸಾಮುಗೆ ಹತ್ತು ವರ್ಷ ವಯಸ್ಸಾಯಿತು. ಎಬಿಸಾವಾ-ಸಾನ್ ಮಾತ್ರ ಬಾಯ್ತುಂಬ ಹೊಗಳಿದರು. “ಎಷ್ಟೋ ವರ್ಷದ ಮೇಲೆ ಒಂದು ಮಾತೂ ತಪ್ಪದೆ ಕೇಳಿಸ್ತು ನೋಡಿ. ಒಳ್ಳೇ ಸಾಮಾನು.”

ಶುಕ್ರವಾರ ಹಿದೆಕೊ ಕೊಟ್ಟ ಮಾತಿನಂತೆ ಚೀಟಿ ಕೆರೆಯಲು ಕೂತರು. ಸದ್ದು ಬಂದಿದೆ, ಇರಲಿ ಎಂದರು. ಮೇಲ್ಮನೆಯ ಆ ನಗು ನೆನಪಾಗಿ ಇಸಾಮು ಬೇಡವೆಂದು ತಾವೇ ಸ್ಪೀಕರ್ ಹೊತ್ತು ಮೆಟ್ಟಿಲಿಳಿದರು. ಕೆಳಗಿನ ಬಾಗಿಲಲ್ಲಿ ಎಬಿಸಾವಾ-ಸಾನ್ ಅಡ್ಡ ನಿಂತಿದ್ದರು.

“ಲಾರಿಗೆ ಕೊಡೋದಾದ್ರೆ ನಂಗೆ ಕೊಡಿ, ಕುರೋಸೆ-ಸಾನ್. ಟೀವಿ ಏನೂ ಕೇಳ್ಸಲ್ಲ ನಂಗೆ.”

ಗುರುವಾರದ ಗದ್ದಲದ ಮೇಲೆ ಹುಡುಕಿ ನೋಡಿದ್ದರಿಂದ ಈಗ ಗುಂಡಿಯ ಗುಟ್ಟು ಗೊತ್ತಿತ್ತು. ಎಲ್ಲ ಹೊತ್ತು ತಂದು, ಟೀವಿಗೆ ಐದೇ ನಿಮಿಷದಲ್ಲಿ ಜೋಡಿಸಿಕೊಟ್ಟು ಬಂದು, ಇಸಾಮು ಖಾಲಿ ಜಾಗದಲ್ಲಿ ಕಾಲು ಚಾಚಿ ಮಲಗಿದರು. ಅಬ್ಬಾ, ನಿಶ್ಶಬ್ದ!

ಶನಿವಾರ ಬೆಳಗ್ಗೆ ಕರೆಗಂಟೆ ಮೊಳಗಿತು. ಬಾಗಿಲಲ್ಲಿ ಎಬಿಸಾವಾ-ಸಾನ್. ಎರಡೂ ಕೈಯಲ್ಲಿ ಒಂದು ಡಬ್ಬಿ. ಕಾಗದದ ಮೂಲೆಯಲ್ಲಿ ಹೂವಿನ ಚಿತ್ರದ ಟೇಪು.

“ಇವತ್ತಿಂದ ಸ್ವಲ್ಪ ಸದ್ದಾಗ್ಬಹುದು” ಎಂದು ಅವರು ಬಗ್ಗಿದರು. “ಸಹಿಸ್ಕೊಳ್ಳಿ.”

ಇಸಾಮು ಇನ್ನೂ ಕೆಳಗೆ ಬಗ್ಗಿ, ಎರಡೂ ಕೈಯಲ್ಲಿ ಈಸಿಕೊಂಡರು. ತೂಕ ಹಾಗೇ ಇತ್ತು, ಒಂದು ಬನ್ನೂ ಕಮ್ಮಿಯಾಗಿರಲಿಲ್ಲ.