ಹೆಂಚಿಳಿಸಿದ ಮನೆ

ಒಂದೇ ಒಂದು ಸಾಲು ಬಿಟ್ಟರೆ ದೇವರಿಗೆ ಗೊತ್ತಾಗುತ್ತದೆಯೇ? ಗೊತ್ತಂತೂ ಆಗುತ್ತದೆ. ಕೋಪ ಬರುತ್ತದೆಯೇ? ಇಪ್ಪತ್ತಮೂರು ವರ್ಷ ಒಂದಕ್ಷರ ತಪ್ಪದೆ ಹಾಡಿದವನಿಗೆ ಒಂದು ಸಾಲಿನ ರಿಯಾಯಿತಿ ಕೊಡಬಾರದೇ?

ನೈಡೆನ್ ಹಾಸಿಗೆಯಲ್ಲಿ ಅಂಗಾತ ಮಲಗಿ ಇದನ್ನೇ ಯೋಚಿಸುತ್ತಿದ್ದ. ತೊಲೆಗಳ ನಡುವೆ ಬೆಳಗಿನ ಆಕಾಶ ಕಾಣುತ್ತಿತ್ತು. ಸೋಮವಾರ ಬಡಗಿ ಲಾಂಬೊ ಬಂದು ಮನೆಯ ಹೆಂಚನ್ನೆಲ್ಲ ಇಳಿಸಿದ್ದ. ಹುಳ ತಿಂದ ತೊಲೆಗಳನ್ನು ಬದಲಿಸಬೇಕಿತ್ತು. ಹೊಸವು ಗುರುವಾರ ಬರುತ್ತವೆ. “ಐವತ್ತು ದಿನದಿಂದ ಹನಿ ಬಿದ್ದಿಲ್ಲ, ಮೂರು ದಿನದಲ್ಲಿ ಏನು ಬೀಳುತ್ತೆ ಬಿಡು,” ಎಂದಿದ್ದ ಲಾಂಬೊ. ಮಂಗಳವಾರ ಎವ್ತಿಮಿ ಪಾದ್ರಿಗಳು ಹೇಳಿ ಕಳಿಸಿದರು: ಬುಧವಾರ, ಅಂದರೆ ಇವತ್ತು, ಮಳೆಗಾಗಿ ಪ್ರಾರ್ಥನೆ.

ಪಾದ್ರಿಗಳು ಒಂದೊಂದು ಬೇಡಿಕೆ ಓದಿದಾಗಲೂ ಇಡೀ ಊರಿನ ಪರವಾಗಿ ‘ಕರ್ತನೇ, ಕರುಣಿಸು’ ಎಂದು ಹಾಡುವವನು ನೈಡೆನ್. ಅವನು ಹಾಡದ ಬೇಡಿಕೆ ಸಹಿಯಿಲ್ಲದ ಅರ್ಜಿಯಂತೆ ಎಂದು ಊರವರ ನಂಬಿಕೆ. ಅವನದೂ ಅದೇ ನಂಬಿಕೆ. ತೊಂದರೆಯಾಗಿದ್ದೇ ಅದರಿಂದ.

“ನಮ್ಮದು ಹಸಿ ಇಟ್ಟಿಗೆ ಗೋಡೆ, ನೆನಪಿರ್ಲಿ,” ಎಂದಳು ಹೆಂಡತಿ ತ್ಸೋನಾ. “ನೀರು ಕುಡಿದ್ರೆ ಕೂತುಬಿಡುತ್ತೆ. ಭಾನುವಾರ ಬೀಗರು ಬರ್ತಾರೆ.”

“ನಾನೇನು ಮಾಡ್ಲಿ?”

“ಶುಕ್ರವಾರದ ಮೇಲೆ ಬರ್ಲಿ ಅಂತ ಸೇರಿಸಿ ಹಾಡು.”

“ಅದೇನು ಬಸ್ಸಾ, ಟೈಮ್ ಹೇಳಿ ಕರೆಯೋಕೆ?”

ಟಾರ್ಪಾಲು ಹುಡುಕಲು ಅವನು ಹೊರಬಿದ್ದ. ಬೇಲಿಯಾಚೆ ಕಲಿನಾ ಅಜ್ಜಿ ಕಾಯುತ್ತಲೇ ಇದ್ದಳು. ಊರಿನಲ್ಲಿ ಯಾರ ಸಾರಿಗೆ ಉಪ್ಪು ಹೆಚ್ಚಾದರೂ ಮೊದಲು ಅವಳಿಗೆ ತಿಳಿಯುತ್ತಿತ್ತು.

“ಮಳೆ ಕರೆಯೋನು ನೀನು. ನಿನ್ನ ಮನೆಗೇ ಸೂರಿಲ್ಲ,” ಎಂದಳು. “ನಂಬಿಕೆ ಇದ್ದೋನು ಹೆಂಚು ಇಳಿಸ್ತಾನೇನೋ? ಇವತ್ತು ಬರದೇ ಹೋದ್ರೆ ನಿನ್ನಿಂದ್ಲೇ ಅಂತ ತಿಳ್ಕೋ.”

“ಹೊದಿಸೋಣ ಅಂತಾನೇ ಹೊರಟಿದೀನಿ ಅಜ್ಜಿ. ನಿಮ್ಮ ಹುಲ್ಲಿನ ಮೆದೆಗೆ ಹಾಕಿದ್ದ ಟಾರ್ಪಾಲು ಇದೆಯಲ್ಲ?”

“ಅದನ್ನ ಹರಿದು ಕೋಳಿಗೂಡಿಗೆ ಹಾಕಿದೀನಿ. ಈ ವರ್ಷ ಯಾವ ಮಳೆ ಬರುತ್ತೆ?”

ಹೆಂಡದಂಗಡಿಯ ಸ್ತಾಮೆನ್ ಬಳಿ ದೊಡ್ಡ ಟಾರ್ಪಾಲಿತ್ತು. ಅದು ಅಂಗಳದ ಮೇಜುಗಳಿಗೆ ನೆರಳಾಗಿತ್ತು.

“ಪ್ರಾರ್ಥನೆ ಮುಗಿಸಿ ಜನ ಬಂದು ಎಲ್ಲಿ ಕೂರ್ತಾರೆ? ಬಿಸಿಲಲ್ಲಾ?” ಎಂದ ಸ್ತಾಮೆನ್. “ಮೊದಲ ಹನಿ ಬಿದ್ದ ಕೂಡಲೇ ಬಂದು ಬಿಚ್ಕೊಂಡು ಹೋಗಣ್ಣ.”

“ಅಂದ್ರೆ ಮಳೆ ಬರಲ್ಲ ಅಂತ್ಲೇ ಲೆಕ್ಕ?”

“ಛೆ, ನಂಬಿಕೆ ಇದೆಯಪ್ಪ. ಬಿಸಿಲೂ ಇದೆಯಲ್ಲ.”

ಹಿಂತಿರುಗುವಾಗ ನೈಡೆನ್ ಊರನ್ನು ನೋಡುತ್ತ ನಡೆದ. ಗೋಡೆಗಳ ಮೇಲೆ ಮೆಣಸಿನಕಾಯಿ ಸರ, ಅಂಗಳಗಳಲ್ಲಿ ಪ್ಲಮ್ ಹಣ್ಣು, ತಂತಿಗಳಲ್ಲಿ ಒಗೆದ ಹಾಸಿಗೆ ಬಟ್ಟೆ. ಯಾರೂ ಏನನ್ನೂ ಒಳಗೆ ಎತ್ತಿಟ್ಟಿರಲಿಲ್ಲ. ಮಳೆ ಬಂದೇ ಬರುತ್ತದೆಂದು ಇಡೀ ಊರಲ್ಲಿ ನಂಬಿದ್ದವನು ತಾನೊಬ್ಬನೇ ಎಂದು ಅವನಿಗೆ ಹೊಳೆಯಿತು. ಅದರಿಂದ ಅವನಿಗೇನೂ ಸಮಾಧಾನವಾಗಲಿಲ್ಲ.

ಮಧ್ಯಾಹ್ನ ಬತ್ತಿದ ಬುಗ್ಗೆಯ ಹತ್ತಿರ ಎಲ್ಲರೂ ಸೇರಿದರು. ಒಬ್ಬರ ಕೈಯಲ್ಲೂ ಕೊಡೆಯಿರಲಿಲ್ಲ. ಹೆಂಗಸರು ಬೀಸಣಿಗೆ ತಂದಿದ್ದರು. ಪಾದ್ರಿಗಳು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದತೊಡಗಿದರು. ಲೋಕದ ಶಾಂತಿಗಾಗಿ ಎಂದರು, ನೈಡೆನ್ ಹಾಡಿದ. ರೋಗಿಗಳಿಗಾಗಿ, ಪ್ರಯಾಣಿಕರಿಗಾಗಿ; ಹಾಡಿದ. ಅಷ್ಟರಲ್ಲಿ ಡ್ಯಾನ್ಯೂಬ್ ನದಿಯ ಕಡೆಯಿಂದ ತಣ್ಣನೆ ಗಾಳಿಯೊಂದು ಬಂದು ಅವನ ಕುತ್ತಿಗೆಯನ್ನು ನೆಂಟನಂತೆ ಸವರಿತು.

“ಬಾಯಾರಿದ ಭೂಮಿಗೆ ಮಳೆಯನ್ನು ದಯಪಾಲಿಸಬೇಕೆಂದು ಕರ್ತನನ್ನು ಬೇಡೋಣ.”

ನೈಡೆನ್ ಬಾಯಿ ತೆರೆದ. ಕಣ್ಣೆದುರು ಗೋಡೆಗಳು ಬಂದು ನಿಂತವು. ಸ್ವರ ಹೊರಡಲಿಲ್ಲ. ತುಟಿ ಮಾತ್ರ ಆಡಿತು.

ಅದೇ ಗಳಿಗೆಗೆ ಗುಡುಗಿತು.

ಕಾಲು ಗಂಟೆಯಲ್ಲಿ ಆಕಾಶ ಕಳಚಿ ಬಿತ್ತು. ಕಲಿನಾ ಅಜ್ಜಿ ಬೀಸಣಿಗೆಯನ್ನು ತಲೆಯ ಮೇಲಿಟ್ಟುಕೊಂಡು ಓಡಿದಳು. ಸ್ತಾಮೆನನ ಟಾರ್ಪಾಲು ಮೊದಲ ಗಾಳಿಗೇ ಹಾರಿ ಮೆಕ್ಕೆಜೋಳದ ಹೊಲ ಸೇರಿತು. ನೈಡೆನ್ ಮನೆ ಮುಟ್ಟಿದಾಗ ತ್ಸೋನಾ ಅಡುಗೆಮನೆಯೊಳಗೆ ಕೊಡೆ ಬಿಡಿಸಿಕೊಂಡು ನಿಂತಿದ್ದಳು. ಪೂರ್ವದ ಗೋಡೆಯ ಮೂಲೆ ಗಂಜಿಯಾಗಿ ನೆಲಕ್ಕಿಳಿಯುತ್ತಿತ್ತು.

“ಅಷ್ಟು ಹೇಳಿದ್ರೂ ಹಾಡಿದೆಯಲ್ಲ,” ಎಂದಳು. “ಅದೂ ಅಷ್ಟು ಜೋರಾಗಿ.”

ಸಂಜೆ ಮಳೆ ನಿಂತಿತು. ಊರಿನ ಅರ್ಧ ಜನ ರಾಕಿಯಾ ಸಾರಾಯಿಯ ಬಾಟಲಿ ಹಿಡಿದು ಅಂಗಳಕ್ಕೆ ಬಂದರು. ಲಾಂಬೊನೂ ಇದ್ದ. ಕಲಿನಾ ಅಜ್ಜಿ ಮುಂದೆ ಬಂದು ನೈಡೆನನ ಎರಡೂ ಕೈ ಹಿಡಿದಳು.

“ಬೆಳಿಗ್ಗೆ ಆಡಿದ್ದು ತಪ್ಪಾಯ್ತು ಮಗ. ನಿನ್ನ ಮನೆ ಗುಬ್ಬಿಮರಿ ಥರ ಬಾಯಿ ಬಿಟ್ಕೊಂಡು ಕೂತಿತ್ತು. ದೇವರು ನೋಡಿದ, ನೀರು ಹಾಕಿದ. ನಾವೆಲ್ಲ ಕೊಡೆ ಕೂಡ ತರ್ಲಿಲ್ಲ, ನೀನು ಮನೇನೇ ತೆರೆದಿಟ್ಟೆ.”

“ನಿನ್ನ ‘ಕರುಣಿಸು’ ಬಾಯಿಂದ ಬಿತ್ತೋ ಇಲ್ವೋ, ಗುಡುಗು ನುಂಗ್ಕೊಂಡು ಹೋಯ್ತು,” ಎಂದರು ಪಾದ್ರಿಗಳು. “ಅಂಥದ್ದು ನಾನು ಕಂಡಿಲ್ಲ.”

ನೈಡೆನ್ ಕೆಸರಿನಲ್ಲಿ ನಿಂತು ಬಡಗಿಯ ಕಡೆ ತಿರುಗಿದ. “ನಾಳೆ ಬೆಳಿಗ್ಗೇನೇ ಬರ್ತೀಯಲ್ಲ ಲಾಂಬೊ?”

ಲಾಂಬೊ ನೆಲ ನೋಡಿದ. “ತೊಲೆ ಬರುತ್ತಣ್ಣ. ಏರಿಸೋದು ಮಾತ್ರ… ಇನ್ನೆರಡು ಮಳೆ ಆಗ್ದೆ ಜೋಳ ತೆನೆ ಕಟ್ಟಲ್ಲ. ಎಲ್ರೂ ಕೂತು ಮಾತಾಡಿದೀವಿ.”

“ಶುಕ್ರವಾರ ಪಕ್ಕದೂರಲ್ಲಿ ಪ್ರಾರ್ಥನೆ ಇದೆ,” ಎಂದರು ಪಾದ್ರಿಗಳು. “ಆಮೇಲೆ ಇನ್ನೆರಡು ಊರು. ಅಲ್ಲೀವರೆಗೆ ಮನೆ ಹೀಗೇ ತೆರೆದಿರ್ಲಿ ಮಗ. ಬೀಗರನ್ನ ನಮ್ಮನೆಗೆ ಕರ್ಕೊಂಡು ಬಾ.”

ಇದ್ದದ್ದನ್ನು ಒಂದು ಮಾತಲ್ಲಿ ಹೇಳಿದ್ದರೆ ಮರುದಿನವೇ ಲಾಂಬೊ ಏಣಿ ಹತ್ತುತ್ತಿದ್ದ. ಆದರೆ ಆಮೇಲೆ ಆ ಊರಲ್ಲಿ ನೈಡೆನ್ ಹಾಡುವಂತಿರಲಿಲ್ಲ. ಯಾರೋ ಅವನ ಕೈಗೆ ರಾಕಿಯಾ ಕೊಟ್ಟರು. ಅವನು ಕುಡಿದ.

ಮಳೆ ಬೇಡಿದ ಆ ಒಂದು ಸಾಲಿಗೆ ತಾನು ಹಾಡಿಯೇ ಇರಲಿಲ್ಲ ಎಂಬುದನ್ನು ಅವನು ಯಾರಿಗೂ, ತ್ಸೋನಾಳಿಗೂ, ಹೇಳಲಿಲ್ಲ.