ಪ್ಲಾಸ್ಟರ್ ಕೈಯ ಪದವೀಧರೆ

ಕೈ ಮುರಿದವರಿಗೆ ಗ್ರಾಜುಯೇಷನ್ ಆಗುವುದಿಲ್ಲ ಎಂದು ಮೊದಲು ಹೇಳಿದವಳು ನಮ್ಮ ಎದುರು ಫ್ಲ್ಯಾಟಿನ ಲಾಸ್ಯ. ವಯಸ್ಸು ಆರು, ಯುಕೆಜಿಯಲ್ಲಿ ನನ್ನ ಮಗಳು ನೀಲಾಳ ಪಕ್ಕ ಕೂರುವವಳು. ಇಂಥ ಭವಿಷ್ಯವಾಣಿಗಳು ನನಗೇನೂ ಹೊಸವಲ್ಲ. ನಾನು ಕಾಲೇಜು ಸೇರುತ್ತೇನೆಂದಾಗ ಗದಗಿನ ಕಡೆಯ ನಮ್ಮೂರಿನಲ್ಲಿ ಸೋದರಮಾವ, ನಮ್ಮ ವಂಶದಲ್ಲಿ ಇಲ್ಲದ ಚಾಳಿ ನಿನಗೆಲ್ಲಿಂದ ಬಂತು ಎಂದು ನಿಜವಾದ ಕಳವಳದಿಂದ ಕೇಳಿದ್ದರು. ಹಗಲು ಗೊಬ್ಬರದಂಗಡಿಯಲ್ಲಿ ಚೀಲ ಹೊತ್ತು, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದ ಮೊದಲ ಪದವೀಧರ ನಾನೇ. ಈ ಕಥೆಯನ್ನು ಕೇಳದವರಿಗೂ ಹೇಳುತ್ತೇನೆಂಬ ದೂರು ಮನೆಯಲ್ಲಿದೆ. ಈಗ ನೀವೂ ಕೇಳಿದಂತಾಯಿತು.

ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಎತ್ತಿಹಾಕಿದಾಗ ಹೆಂಡತಿ ಗಿರಿಜಾ ಔಷಧ ಕಂಪನಿಯ ಕೆಲಸ ಬಿಡಲಾಗದೆ ವಿಶಾಖಪಟ್ಟಣದ ಮಧುರವಾಡದಲ್ಲೇ ಉಳಿದಳು. ಇಲ್ಲಿ ವಿಜಯವಾಡದ ಭವಾನಿಪುರಂನ ಮನೆಯಲ್ಲಿ ನಾನು, ನೀಲಾ ಮತ್ತು ನನ್ನ ಅವ್ವ. ಶನಿವಾರದ ರೈಲಿಗೆ ಗಿರಿಜಾ ಬರುವವರೆಗೆ ಮಗುವನ್ನು ಜೋಪಾನವಾಗಿಡುವುದೊಂದೇ ನನ್ನ ಜವಾಬ್ದಾರಿ. ಈಗಿನ ಶಾಲೆಗಳಲ್ಲಿ ಯುಕೆಜಿ ಮುಗಿಸಿದವರಿಗೂ ಕಪ್ಪು ನಿಲುವಂಗಿ, ಚೌಕದ ಟೋಪಿ, ಪ್ರಮಾಣಪತ್ರ ಎಲ್ಲ ಉಂಟು. ಟೋಪಿಯನ್ನು ಗಾಳಿಗೆ ಎಸೆಯುವ ಶಾಸ್ತ್ರವೂ ಉಂಟಂತೆ. ಅವ್ವನ ರೊಟ್ಟಿ ಬುಟ್ಟಿಯನ್ನೇ ಟೋಪಿ ಮಾಡಿಕೊಂಡು, ಅದನ್ನು ಎಸೆಯುವ ಅಭ್ಯಾಸದಲ್ಲಿ, ನನ್ನ ಮಗಳು ದಿವಾನ್ ಮಂಚದ ಮೇಲಿಂದ ಹಾರಿದಳು. ಬುಟ್ಟಿಗೆ ಏನೂ ಆಗಲಿಲ್ಲ. ಎಡಗೈ ಮುರಿಯಿತು.

ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿಕೊಳ್ಳುವಾಗಲೂ, ಮೊಣಕೈ ಮಡಿಸಿ ಪ್ಲಾಸ್ಟರ್ ಹಾಕಿಸಿಕೊಳ್ಳುವಾಗಲೂ ಅವಳು ಅಳಲಿಲ್ಲ. ಅತ್ತದ್ದು ಮನೆಗೆ ಬಂದು, ಲಾಸ್ಯಳ ತೀರ್ಪು ಕೇಳಿದ ಮೇಲೆ. ಶಾಲೆಯಿಂದ ಬಂದಿದ್ದ ನಿಲುವಂಗಿಯನ್ನು ಹಾಕಿ ನೋಡಿದೆವು. ಮಡಿಸಿದ ಕೈ ತೋಳಿನೊಳಗೆ ಹೋಗಲಿಲ್ಲ. ಲಾಸ್ಯ ಹೇಳಿದ್ದು ನಿಜವೆಂದು ಸಾಬೀತಾಯಿತು. ಸಮಾರಂಭಕ್ಕೆ ಉಳಿದದ್ದು ಒಂದೇ ದಿನ.

ಸಮಾಧಾನ ಮಾಡಲು ಕೂತೆ. ಚಿಕ್ಕವರ ಮೂಳೆ ಬೇಗ ಕೂಡುತ್ತದೆಂದು ವಿವರಿಸಿದೆ. ಸರ್ವರ್ ಕೈಕೊಟ್ಟ ದಿನ ಗ್ರಾಹಕರಿಗೆ ಹೇಳುವ ಧಾಟಿಯಲ್ಲಿ, ದಯವಿಟ್ಟು ಸಹಕರಿಸಬೇಕು ಎಂದೂ ಅಂದುಬಿಟ್ಟೆ. ಅಳು ಹೆಚ್ಚಿತು. ಕೊನೆಗೆ ನನ್ನ ಬ್ರಹ್ಮಾಸ್ತ್ರ ತೆಗೆದೆ: ಇದು ಆಟದ ಪದವಿ, ನಿಜವಾದದ್ದನ್ನು ನಾನು ಹೇಗೆ ಪಡೆದೆ ಗೊತ್ತೇ ಎಂದು ಗೊಬ್ಬರದ ಚೀಲದಿಂದ ಶುರುಮಾಡಿದೆ.

ಅವಳು ಬಿಕ್ಕುತ್ತಲೇ ಕೇಳಿದಳು, "ನಿಂಗ ಟೋಪಿ ಕೊಟ್ರಾ ನಾನ್ನಾ?"

ನಮ್ಮ ಮನೆಯಲ್ಲಿ ಅಪ್ಪ ಎಂಬುದು ಎಂದೋ ತೆಲುಗಿನ 'ನಾನ್ನ' ಆಗಿಹೋಗಿದೆ. ಇಲ್ಲ ಎಂದೆ. ಘಟಿಕೋತ್ಸವಕ್ಕೆ ನಾನು ಹೋಗಿಯೇ ಇರಲಿಲ್ಲ.

"ಪಾಪಂ" ಎಂದು ನನ್ನ ಕೆನ್ನೆ ಸವರಿ, ಮತ್ತೆ ತನ್ನ ಅಳುವಿಗೆ ಮರಳಿದಳು.

ಗಿರಿಜಾಳಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಮಗಳನ್ನು ಕಣ್ತುಂಬ ನೋಡಿ, ನನಗೆ ಇಷ್ಟೇ ಹೇಳಿದಳು: "ಆಕಿಗೆ ತಿಳಿಸಿ ಹೇಳಾಕ ಹೋಗಬ್ಯಾಡ್ರಿ. ಬಾಜೂಕ ಕುಂತು ಏನರೆ ಮಾಡ್ರಿ."

ಏನಾದರೂ ಎಂದರೆ ಏನು? ಟೀಚರಿಗೆ ಫೋನ್ ಮಾಡಿದೆ. ಅವರು ನಕ್ಕು, ಪರವಾಲೇದು ಸಾರ್, ಏನೂ ತೊಂದರೆಯಿಲ್ಲ, ತೋಳಿನ ಹೊಲಿಗೆ ಬಿಚ್ಚಿಕೊಳ್ಳಿ, ಆಮೇಲೆ ನಾವು ಹೊಲಿಸಿಕೊಳ್ಳುತ್ತೇವೆ ಎಂದರು. ಬ್ಲೇಡಿನಿಂದ ತೋಳಿನ ಹೊಲಿಗೆಯನ್ನು ಕಂಕುಳವರೆಗೆ ಬಿಚ್ಚಿ, ಬಟ್ಟೆಯನ್ನು ಪ್ಲಾಸ್ಟರ್ ಸುತ್ತ ಹೊದಿಸಿದೆ. ಮುಚ್ಚುವುದು ಹೇಗೆ? ಬೇರೆ ಗಂಡಸಾದರೆ ಸೂಜಿ ಹುಡುಕುತ್ತಿದ್ದನೋ ಏನೋ. ನಾನು ಬ್ಯಾಂಕಿನವನು, ಬಿಡಿಯಾಗಿ ಏನು ಕಂಡರೂ ನನ್ನ ಕೈ ಸ್ಟೇಪ್ಲರಿಗೇ ಹೋಗುತ್ತದೆ. ಬಟ್ಟೆಯನ್ನು ಮೈಯಿಂದ ದೂರ ಎಳೆದು ಹಿಡಿದು, ಪಿನ್ನಿನ ಮೊನೆ ಹೊರಗೆ ಬರುವಂತೆ ಒತ್ತತೊಡಗಿದೆ. ಅವ್ವ ಕೋಣೆಗೆ ಬಂದು, ಕೂಸಿಗೆ ಪಿನ್ ಹೊಡೆಯುವ ಮಗನನ್ನು ಕಂಡು, ಬಂದ ಕಾಲಲ್ಲೇ ತಿರುಗಿ ಹೋದಳು. ನೀಲಾ ಮಾತ್ರ ಅಳು ಮರೆತು, ಉಸಿರು ಬಿಗಿಹಿಡಿದು, ಒಂದೊಂದು ಟಕ್ಕಿಗೂ ನನ್ನ ಮುಖ ನೋಡುತ್ತಿದ್ದಳು. ಹೆದರಿಕೆಯಿತ್ತು, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮುಗಿದ ಮೇಲೆ ಕನ್ನಡಿ ಕೇಳಿದಳು. ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಹಸಿವು ಎಂದಳು.

ಮರುದಿನ ಶಾಲೆಯ ಸಭಾಂಗಣದಲ್ಲಿ ಅವಳ ಹೆಸರು ಕರೆದರು. ಒಂದು ತೋಳು ರೇಷ್ಮೆಯಂತೆ ಇಳಿಬಿದ್ದು, ಇನ್ನೊಂದು ತೋಳು ಪಿನ್ನುಗಳಿಂದ ಮಿಂಚುತ್ತ, ನನ್ನ ಮಗಳು ಮೆಟ್ಟಿಲು ಹತ್ತಿದಳು. ಬಲಗೈ ಚಾಚಿ ಪ್ರಮಾಣಪತ್ರ ತೆಗೆದುಕೊಂಡು, ನಮ್ಮತ್ತ ತಿರುಗಿ ಎತ್ತಿ ಹಿಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಟದ ಪದವಿ ಎಂದವನು ಕರ್ಚೀಫು ಹುಡುಕುತ್ತಿದ್ದೆ. ಸಿಗದೆ ಅಂಗಿಯ ತೋಳಿಗೇ ಕಣ್ಣೊರೆಸಿಕೊಂಡೆ. ಪಕ್ಕದಲ್ಲಿದ್ದ ಅವ್ವ ತನ್ನ ಸೆರಗನ್ನು ನನ್ನ ಮಡಿಲಿಗೆ ತಳ್ಳಿ ಹೇಳಿದಳು:

"ಸುಮ್ಕಿರೋ ತಮ್ಮಾ. ಮುರಿದಿದ್ದು ಆಕಿ ಕೈ."