ಮೂರನೇ ಸಲದ ರೊಟ್ಟಿ

ಹೊರದೇಶದವರು ನಮ್ಮ ಬಗ್ಗೆ ಏನಂದುಕೊಳ್ಳುತ್ತಾರೋ ಎಂಬ ಚಿಂತೆ ನನಗೆ ಚಿಕ್ಕಂದಿನಿಂದಲೂ ಇದೆ. ಅವರಿಗೆ ನನ್ನ ಬಗ್ಗೆ ಅಂಥ ಯಾವ ಚಿಂತೆಯೂ ಇದ್ದಂತಿಲ್ಲ. ಮೊಬೈಲಿನಲ್ಲಿ ಯಾವನೋ ಪರದೇಶದವನು ನಮ್ಮ ಮೆಣಸಿನಕಾಯಿ ಬಜ್ಜಿ ಕಚ್ಚಿ ಕಣ್ಣೀರು ಹಾಕಿದರೆ, ಬಜ್ಜಿಯ ಪರವಾಗಿ ನಾನೇ ಕ್ಷಮೆ ಕೇಳಬೇಕೆನಿಸುತ್ತದೆ. ಒಮ್ಮೆ ನಿಪ್ಪಾಣಿ ಬಸ್ಸಿನಲ್ಲಿ ದೊಡ್ಡ ಚೀಲ ಹೊತ್ತ ವಿದೇಶಿಯೊಬ್ಬ ಕುಳಿತಿದ್ದ. ಮುಂದಿನ ಸೀಟಿನ ಹಿರಿಯರು ಎಲೆಅಡಿಕೆ ಉಗುಳಲು ಕಿಟಕಿಗೆ ಮುಖ ಹಾಕಿದಾಗಲೆಲ್ಲ ನಾನು ಎದ್ದು ಇಬ್ಬರ ನಡುವೆ ಅಡ್ಡ ನಿಲ್ಲುತ್ತಿದ್ದೆ. ಚಿಕ್ಕೋಡಿಯಿಂದ ನಿಪ್ಪಾಣಿಯವರೆಗೆ ಹೀಗೆ ದೇಶದ ಮಾನ ಕಾಪಾಡಿ ಇಳಿಯುವಾಗ ಮೊಣಕಾಲು ಹಿಡಿದುಕೊಂಡಿತ್ತು. ಆ ಮನುಷ್ಯ ದಾರಿಯುದ್ದಕ್ಕೂ ನಿದ್ದೆ ಹೊಡೆದಿದ್ದ.

ಇಂಥ ನನ್ನ ಮನೆಗೇ ಕಳೆದ ವರ್ಷ ಒಬ್ಬ ವಿದೇಶಿ ಹೆಣ್ಣುಮಗಳು ಬಂದು ಮೂರು ದಿನ ಉಳಿಯುವ ಪ್ರಸಂಗ ಒದಗಿತು. ಹೆಸರು ಮಾರ್ಟಾ, ಹಾಲೆಂಡಿನ ಯಾವುದೋ ಹಳ್ಳಿಯವಳು. ಮನೆಯಲ್ಲಿ ಒಂದೆರಡು ಎಮ್ಮೆ ಕಟ್ಟಿದವರು ಹೇಗೆ ಹಾಲು ಮಾರಿ ಬದುಕುತ್ತಾರೆ ಎಂದು ನೋಡಲು ನಮ್ಮ ಸದಲಗಾಕ್ಕೆ ಬಂದಿದ್ದಳು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು, ಹಿತ್ತಲಲ್ಲಿ ಎರಡು ಎಮ್ಮೆಯೂ ಇವೆ. ಈ ಎರಡೂ ಅರ್ಹತೆ ಒಟ್ಟಿಗೆ ಇರುವವನು ಊರಲ್ಲಿ ನಾನೊಬ್ಬನೇ ಎಂದು ಊರಿನ ಹಾಲಿನ ಸಂಘದವರು ಆಕೆಯನ್ನು ನಮ್ಮಲ್ಲಿಗೇ ಕಳಿಸಿದರು.

ಹೆಂಡತಿ ಸುನಂದಾಳನ್ನು ಕೂಡಿಸಿಕೊಂಡು ಕಾಯಿದೆ ಓದಿದೆ. ವಯಸ್ಸು, ಲಗ್ನ, ಪಗಾರ ಯಾವುದನ್ನೂ ಕೇಳಬಾರದು. ಮುಖ್ಯವಾಗಿ ಊಟಕ್ಕೆ ಒತ್ತಾಯ ಮಾಡಲೇಬಾರದು. ಅವರ ಕಡೆ ಬೇಡ ಎಂದರೆ ಬೇಡ ಎಂದೇ ಅರ್ಥ.

"ಅಲ್ರೀ, ಬ್ಯಾಡ ಅಂದಕೂಡ್ಲೆ ರೊಟ್ಟಿ ಬುಟ್ಟಿ ಎತ್ಕೊಂಡ್ ಹೋದ್ರ ಏನ್ ಚಂದ ಕಾಣ್ತೈತ್ರಿ?" ಎಂದಳು.

"ಅವರಿಗೆ ಅದ ಚಂದ" ಎಂದೆ.

ಉಳಿದದ್ದು ಅವ್ವ. ಉಣ್ಣುವವರು ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಬಿಡುವವಳು ಅವಳು. ಬಸ್ಸಿನಲ್ಲಿ ಪಕ್ಕ ಕೂತವರ ಮೂರು ತಲೆಮಾರನ್ನು ಇಳಿಯುವುದರೊಳಗೆ ವಿಚಾರಿಸಿ ಮುಗಿಸುತ್ತಾಳೆ, ಕನ್ನಡದವರಾದರೆ ಕನ್ನಡದಲ್ಲಿ, ಮರಾಠಿಯವರಾದರೆ ಮರಾಠಿಯಲ್ಲಿ. ಮೆಲ್ಲಗೆ ಹಿತ್ತಲಿಗೆ ಹೋಗಿ, "ಅಂಕಲಿ ಊರಾಗಿನ ಅಕ್ಕನ ಮನಿಗೆ ಹೋಗಿ ನಾಕ್ ದಿನ ಇದ್ದು ಬರಬಾರದೇನವ್ವಾ, ಭಾಳ ದಿನ ಆತು" ಎಂದೆ. ಎಮ್ಮೆಗೆ ಮೇವು ಹಾಕುತ್ತಿದ್ದವಳು ತಿರುಗಿ ನೋಡಿದಳು.

"ನಾ ಇದ್ರ ನಿನ್ನ ಮರ್ಯಾದಿ ಹೊಕ್ಕೈತೇನು?"

ನಾನು ಎಮ್ಮೆಯ ಹಗ್ಗ ಬಿಗಿ ಮಾಡತೊಡಗಿದೆ. ಅವಳು ಎರಡು ಸೀರೆ ಚೀಲಕ್ಕೆ ತುಂಬಿಕೊಂಡು, ಬೈಕಿನಲ್ಲಿ ಬಿಡುತ್ತೇನೆಂದರೂ ಒಲ್ಲೆನೆಂದು, ಬಸ್ ಸ್ಟ್ಯಾಂಡಿಗೆ ನಡೆದೇ ಹೋದಳು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಗ ಮಾತ್ರ, ಸುಳ್ಳೇಕೆ ಹೇಳಲಿ, ನಿರಾಳವಾಗಿತ್ತು.

ಮಾರ್ಟಾ ಬಂದಳು. ಎಲ್ಲವೂ ನಾನು ಹಾಕಿದ ಗೆರೆಯ ಮೇಲೆಯೇ ನಡೆಯಿತು. ಆಕೆ ತಟ್ಟೆಯಲ್ಲಿದ್ದ ಒಂದು ರೊಟ್ಟಿ ಮುಗಿಸುವಳು, ಸುನಂದಾ ಇನ್ನೊಂದನ್ನು ಮುಂದೆ ಹಿಡಿಯುವಳು, ಆಕೆ ನಗುತ್ತಾ ಬೇಡ ಎನ್ನುವಳು. ಸುನಂದಾ ನನ್ನ ಮುಖ ನೋಡುವಳು, ನಾನು ಕಣ್ಸನ್ನೆ ಮಾಡುವೆ, ಬುಟ್ಟಿ ಒಳಗೆ ಹೋಗುವುದು. "ನೋಡು, ಎಷ್ಟು ಹಿತಮಿತ ಊಟ. ಇವರಿಂದ ನಾವು ಕಲಿಯೂದು ಭಾಳ ಐತಿ" ಎಂದು ನನ್ನ ನಾಲ್ಕನೇ ರೊಟ್ಟಿ ಮುರಿಯುತ್ತಾ ಹೆಂಡತಿಗೆ ಉಪದೇಶ ಮಾಡಿದೆ. ಎರಡನೆಯ ದಿನ ಎಮ್ಮೆಗೆ ಹಿಂಡಿ ಕಲಸುವಾಗ ಮಾರ್ಟಾ ಬಕೆಟ್ಟಿನೊಳಗೆ ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ಪಶು ಆಹಾರದ ಅಧ್ಯಯನ ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಅವ್ವ ಬಂದಿಳಿದಳು. "ಎಮ್ಮಿ ನೋಡಾಕ ಬಂದೀನಿ, ನಿನ್ನ ಮ್ಯಾಡಮ್ಮನ್ನಲ್ಲ" ಎಂದವಳು, ಕಟ್ಟೆಯ ಮೇಲೆ ಕೂತಿದ್ದ ಮಾರ್ಟಾಳ ಮುಖ ಒಂದು ಕ್ಷಣ ನೋಡಿದಳು.

"ಈ ಕೂಸು ಹಸ್ದೈತಲ್ಲೋ."

"ಇಲ್ಲವ್ವಾ, ಅವರು ಉಣ್ಣೂದ ಅಷ್ಟು."

ಅವ್ವ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಆಕೆಯ ಕೈ ಹಿಡಿದು ಒಲೆಯ ಮುಂದೆ ಕೂಡಿಸಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆನೆಮೊಸರು ಹಾಕಿದಳು. ಮಾರ್ಟಾ ಒಂದು ಮುಗಿಸಿ ಬೇಡ ಎಂದಳು. ಅವ್ವ ಇನ್ನೊಂದು ಹಾಕಿದಳು. ಮತ್ತೆ ಬೇಡ, ಮತ್ತೊಂದು. ನಾನು ಬಾಗಿಲಲ್ಲಿ ನಿಂತು ದೇಶದ ಮಾನ ಹರಾಜಾಗುವುದನ್ನು ನೋಡುತ್ತಿದ್ದೆ. ನಾಲ್ಕನೆಯದು ಮುಗಿದ ಮೇಲೆ ಮಾರ್ಟಾ ಗೋಡೆಗೆ ಒರಗಿ ನಗತೊಡಗಿದಳು.

ಆಮೇಲೆ ಆಕೆ ಹೇಳಿದ್ದು ಇಷ್ಟು. ಭಾರತದಲ್ಲಿ ಓಡಾಡಿ ಬಂದವರು ಆಕೆಗೆ ಬುದ್ಧಿ ಹೇಳಿ ಕಳಿಸಿದ್ದರಂತೆ: ಅಲ್ಲಿ ಕೊಟ್ಟ ಕೂಡಲೇ ತೆಗೆದುಕೊಂಡರೆ ಆಸೆಬುರುಕರು ಎಂದುಕೊಳ್ಳುತ್ತಾರೆ, ಎರಡು ಸಲ ಬೇಡ ಎನ್ನು, ಮೂರನೇ ಸಲ ಒಪ್ಪಿಕೋ, ಅವರು ಹೇಗೂ ಬಿಡುವುದಿಲ್ಲ. "ನಿಮ್ಮ ಮನೆಯಲ್ಲಿ ಎರಡನೇ ಸಲವೇ ಬರಲಿಲ್ಲ" ಎಂದಳು. ಚೀಲದಲ್ಲಿದ್ದ ಬಿಸ್ಕಿಟ್ಟು ಮೊದಲ ದಿನವೇ ಮುಗಿದಿತ್ತಂತೆ. ಭಾರತೀಯರು ಮಿತಭಾಷಿಗಳು, ಏನನ್ನೂ ಕೇಳುವುದಿಲ್ಲ, ಊಟಕ್ಕೆ ಒಮ್ಮೆ ಮಾತ್ರ ಕರೆಯುತ್ತಾರೆ ಎಂದು ತನ್ನ ಟಿಪ್ಪಣಿ ಪುಸ್ತಕದಲ್ಲೂ ಬರೆದಿದ್ದಳು. ಇಡೀ ದೇಶವನ್ನು ಎರಡೇ ದಿನದಲ್ಲಿ ಬದಲಿಸಿದ ಕೀರ್ತಿ ನನ್ನದಾಗುವುದರಲ್ಲಿತ್ತು.

ಅವ್ವ ಅಲ್ಲಿಗೂ ಬಿಡಲಿಲ್ಲ. "ಲಗ್ನ ಆಗೇತೇನು ಕೇಳು. ಅಪ್ಪ ಅವ್ವ ಅದಾರೇನು ಕೇಳು" ಎಂದು ನನ್ನಿಂದಲೇ ಅನುವಾದ ಮಾಡಿಸಿದಳು. ಅಪ್ಪ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡರು ಎಂದಳು ಮಾರ್ಟಾ. ಅವ್ವ ಅವಳ ಬೆನ್ನ ಮೇಲೆ ಕೈಯಿಟ್ಟು, "ಹಂಗಾದ್ರ ಈಗ ನಿಮ್ಮವ್ವಗ ಜೋಡಿ ಯಾರದಾರ?" ಎಂದಳು. ಮಾರ್ಟಾ ಬಹಳ ಹೊತ್ತು ಮಾತಾಡಿದಳು. ಅವರ ಊರಲ್ಲಿ ಯಾರೂ ಇದನ್ನೆಲ್ಲ ಕೇಳುವುದಿಲ್ಲವಂತೆ, ಸೌಜನ್ಯಕ್ಕಾಗಿ.  ಕೊನೆಕೊನೆಗೆ ನಾನು ಅನುವಾದ ನಿಲ್ಲಿಸಿದರೂ ಅವರಿಬ್ಬರಿಗೂ ಅದು ಗೊತ್ತಾದಂತೆ ಕಾಣಲಿಲ್ಲ. ಹೊರಡುವಾಗ ಮಾರ್ಟಾ ಟಿಪ್ಪಣಿಯ ಆ ಪುಟವನ್ನು ನನ್ನೆದುರಿಗೇ ಹರಿದು ಹಾಕಿದಳು.

ಆಕೆಯನ್ನು ಬಸ್ ಹತ್ತಿಸಿ ಬಂದು ಮಧ್ಯಾಹ್ನ ಊಟಕ್ಕೆ ಕೂತೆ. ಅವ್ವನಿಗೆ ಏನಾದರೂ ಹೇಳಬೇಕೆನಿಸಿತು. ಮನೆಯವರಿಗೆ ಥ್ಯಾಂಕ್ಸ್ ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಿದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. "ನೀ ಬಂದದ್ದು ಭಾಳ ಚಲೋ ಆತವ್ವಾ" ಎಂದೆ. ಅವಳು ಬುಟ್ಟಿ ತಂದು ಮುಂದೆ ಹಿಡಿದಳು.

"ಬ್ಯಾಡ" ಎಂದೆ, ಅಭ್ಯಾಸಬಲದಿಂದ.

ಅವ್ವ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಕಾದೆ. ಎರಡನೇ ಸಲ ಬರಲೇ ಇಲ್ಲ. ಒಳಗಿನಿಂದ ಸುನಂದಾಳ ನಗು ಮಾತ್ರ ಕೇಳಿಸುತ್ತಿತ್ತು. ಕೊನೆಗೆ ತಟ್ಟೆ ಹಿಡಿದು ನಾನೇ ಒಲೆಯ ಮುಂದೆ ಹೋಗಿ ನಿಂತೆ.

"ತಪ್ಪಾತವ್ವಾ. ಒಂದ್ ರೊಟ್ಟಿ ಹಾಕು."

ಅವಳು ಎರಡು ಹಾಕಿದಳು. ನಾನು ಬಾಯಿ ಮುಚ್ಚಿಕೊಂಡು ಎರಡನ್ನೂ ತಿಂದೆ.